ಒದ್ದೆ ಬೆಳ್ಳಿ

ಅಂದು ಬೆಳಿಗ್ಗೆ ಎದ್ದಾಗಿನಿಂದ ಅವಳ ನಾಲಿಗೆಗೆ ಬೇರೆ ಕೆಲಸವೇ ಇರಲಿಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ಹೋದ ಬಾಗಿಲಿಗೇ ಮತ್ತೆ ಮತ್ತೆ ಹೋಗಿ ಜಗ್ಗಿ ನೋಡುವವರ ಹಾಗೆ ಅದು ಬಾಯಿಯ ಹಿಂಬದಿಯಲ್ಲೇ ಸುತ್ತುತ್ತಿತ್ತು. ಬೆಳ್ಳಿ ತುಂಬಿಸಿದ ಹಲ್ಲು ನಾಲ್ಕು: ಕೆಳಗೆ ಬಲಕ್ಕೆ ಎರಡು, ಮೇಲೆ ಒಂದು, ಕೆಳಗೆ ಎಡಕ್ಕೆ ಒಂದು. ಎಡಗಡೆಯದರ ಹತ್ತಿರ ಬಂದಾಗ ತಾನಾಗಿಯೇ ನಿಧಾನವಾಗುತ್ತಿತ್ತು. ಅಲ್ಲಿ ಕೂದಲೆಳೆಯಷ್ಟು ಬಿರುಕು. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಬಾಯಿ ತೆಗೆದು, ತಲೆಯನ್ನು ಓರೆ ಮಾಡಿ, ಬೆಳಕು ಒಳಗೆ ಹೋಗುವ ಹಾಗೆ ನೋಡಿಕೊಂಡಳು. ಬೆಳ್ಳಿ, ಬೆಳ್ಳಿ ಎಂದು ಇಷ್ಟು ವರ್ಷ ಕರೆದದ್ದು ಯಾವ ಕಾಲದಿಂದಲೋ ಕಪ್ಪಾಗಿ ಕೂತಿತ್ತು. ಹಾಕಿದ ದಿನ ಹೊಸ ಚಮಚದ ಹಾಗೆ ಹೊಳೆದದ್ದು ಅವಳ ಕಣ್ಣಲ್ಲಿ ಹಾಗೇ ಉಳಿದುಬಿಟ್ಟಿತ್ತು. ಕಣ್ಣಿಗೆ ನೆನಪು ಅಂಟಿಕೊಂಡರೆ ಕನ್ನಡಿಯೂ ಸುಳ್ಳು ಹೇಳುತ್ತದೆ ಎಂದುಕೊಂಡು ಬಾಯಿ ಮುಚ್ಚಿದಳು.

“ಅತ್ತೆ, ಹಲ್ಲಿನ ಡಾಕ್ಟರು ಹನ್ನೊಂದಕ್ಕೆ ಕರೆದಿದ್ದಾರೆ. ಹತ್ತೂವರೆಗೇ ಹೊರಟುಬಿಡಿ,” ಎಂದಳು ಸೊಸೆ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಜಡೆ ಸುತ್ತುತ್ತ. “ನಾನೂ ಬರ್ಬೇಕಿತ್ತು. ಇವತ್ತು ಅಂಚೆ ಕಚೇರಿ ಕೌಂಟರಿನಲ್ಲಿ ನಾನೊಬ್ಬಳೇ.”

“ನೀನು ಬಂದು ಏನು ಮಾಡ್ತೀಯೆ? ನನ್ನ ಬಾಯಿ ಹಿಡ್ಕೊಳ್ತೀಯಾ?”

“ಹಿಡ್ಕೊಳ್ಳೋರು ಮೊದಲು ಬೇಕಾಗಿತ್ತು. ಈಗ ಮೂರು ತಿಂಗಳಿಂದ ನೀವೇ ಹಿಡ್ಕೊಂಡಿದ್ದೀರಲ್ಲ.” ಕ್ಲಿಪ್ಪು ತೆಗೆದು ಜಡೆಗೆ ಸಿಕ್ಕಿಸಿ ಹತ್ತಿರ ಬಂದಳು. “ನಾಲ್ಕೂ ತೆಗೆಸಿ ಬೆಳ್ಳಗೆ ಹಾಕಿಸ್ಕೊಂಡು ಬನ್ನಿ ಅತ್ತೆ. ನೀವು ಮೊದಲಿನ ಹಾಗೆ ನಕ್ಕರೆ ಸಾಕು ನಂಗೆ. ಈ ಮನೆ ಗಡಿಯಾರ ನಿಂತ ಹಾಗಾಗಿದೆ.”

ಗಡಿಯಾರ ಎಂದದ್ದಕ್ಕೆ ಅವಳ ಎದೆ ಚುರುಕ್ಕೆಂದಿತು. ಸೊಸೆಗೆ ಏನು ಗೊತ್ತು, ಸುಮ್ಮನೆ ಬಂದ ಮಾತು.

ನಗುವಿನ ವಿಷಯ ಮಾತ್ರ ನಿಜ. ಅವಳ ನಗು ಅಂದರೆ ಬೀದಿಗೇ ಸೇರಿದ ವಸ್ತು. ಗಂಡ ಇದ್ದಾಗ, ನೀನು ನಕ್ಕರೆ ಮೂರನೇ ಮನೆಯ ಮಗು ಎದ್ದು ಕೂರುತ್ತೆ, ನಾನು ಹೋಗಿ ತೂಗಿ ಬರಬೇಕು ಎನ್ನುತ್ತಿದ್ದ. ಆ ನಗುವನ್ನು ಫೋಟೋ ತೆಗೆಯುವವನೊಬ್ಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದ. ಮೊಮ್ಮಗಳು ಓದು ಮುಗಿಸಿದ ಸಂತೋಷಕ್ಕೆ ಮನೆಯವರೆಲ್ಲ ಸ್ಟುಡಿಯೋಗೆ ಹೋಗಿದ್ದರು. ಮೊಮ್ಮಗಳು ಪದವಿಯ ಕಪ್ಪು ಟೋಪಿ ತಲೆಗಿಟ್ಟುಕೊಂಡ ಕೂಡಲೇ ಅದು ಜಾರಿ ಮೂಗಿನ ಮೇಲೆ ಬಿತ್ತು, ಇವಳು ನಕ್ಕಳು, ಅವನು ಕ್ಯಾಮರಾದ ಹಿಂದಿನಿಂದ ತಲೆ ಎತ್ತಿ, “ಅಜ್ಜಿ, ಸ್ವಲ್ಪ ಬಾಯಿ ಮುಚ್ಚಿ ನಗ್ತೀರಾ? ಒಳಗೆಲ್ಲ ಕಪ್ಪಗೆ ಬರ್ತಾ ಇದೆ,” ಎಂದ. ಮರ್ಯಾದೆಯಿಂದಲೇ ಅಂದ. ಅದೇ ತೊಂದರೆಯಾದದ್ದು. ಒರಟಾಗಿ ಅಂದಿದ್ದರೆ ಒಂದು ಮಾತು ತಿರುಗಿಸಿ ಮರೆತುಬಿಡುತ್ತಿದ್ದಳು. ಈಗ ಆ ಫೋಟೋ ಹಜಾರದಲ್ಲಿ ತೂಗುತ್ತಿದೆ. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ, ಅವಳೊಬ್ಬಳು ಬಾಯಲ್ಲಿ ಕಲ್ಲು ಸಿಕ್ಕಿದವಳ ಹಾಗೆ ಕೂತಿದ್ದಾಳೆ. ಅಂದಿನಿಂದ ನಗು ಬಂದರೆ ಕೈ ಮೊದಲು ಏಳುತ್ತದೆ, ನಗು ಆಮೇಲೆ, ಕೈಯ ಹಿಂದೆ, ಬಾಗಿಲ ಮರೆಯಲ್ಲಿ ನಿಂತ ಹೊಸ ಸೊಸೆಯ ಹಾಗೆ.

ಹತ್ತಕ್ಕೇ ಹೊರಟಳು. ದಾರಿ ಕಾಲಿಗೆ ಗೊತ್ತಿತ್ತು. ಮೂವತ್ತೊಂದು ವರ್ಷ ನಡೆದ ದಾರಿ, ಬಸ್ ಡಿಪೋದ ಗೋಡೆಯ ಪಕ್ಕ, ಪೇಂಟಿನಂಗಡಿ ದಾಟಿ, ಕಾಗದ ಪೆನ್ಸಿಲ್ಲು ಮಾರುವ ಅಂಗಡಿಯ ಮೇಲಿನ ಮಹಡಿಯ ಹಲ್ಲಿನ ಆಸ್ಪತ್ರೆಗೆ. ಮೊದಲ ದಿನ ಗುಡಿಸಲು ಹೋದವಳು. ವಯಸ್ಸು ಇಪ್ಪತ್ತು, ಓದು ಎರಡನೇ ಕ್ಲಾಸು. ಗುಡಿಸಿ, ಒರೆಸಿ, ರಕ್ತದ ಬಟ್ಟಲು ತೊಳೆದು ನಿಂತಿದ್ದಾಗ ದೊಡ್ಡ ಡಾಕ್ಟರು ಅವಳ ಕೈ ನೋಡಿ, “ನಿನ್ನ ಕೈ ನಡುಗಲ್ಲ ಅಲ್ವೇನಮ್ಮಾ?” ಎಂದು ಕೇಳಿ ಒಂದು ಗಾಜಿನ ಪುಟ್ಟ ಒರಳನ್ನು ಮುಂದಿಟ್ಟರು. ಹೆಬ್ಬೆಟ್ಟು ಮುಳುಗುವಷ್ಟು ಒರಳು. ಅದಕ್ಕೆ ಬೆಳ್ಳಿಯ ಪುಡಿ, ಅದರ ಮೇಲೆ ಪಾದರಸದ ಹನಿ. ಗಾಜಿನ ಗುಂಡಿನಿಂದ ಅರೆಯಬೇಕು, ಗೋಡೆಗೆ ಅಂಟುವ ತನಕ. ಆಮೇಲೆ ಬಟ್ಟೆಯ ತುಂಡಿನಲ್ಲಿ ಕಟ್ಟಿ ಹಿಂಡಬೇಕು. ಹೆಚ್ಚಿನ ಪಾದರಸ ಹನಿಹನಿಯಾಗಿ ಹೊರಗೆ ಬರುತ್ತದೆ. ಹಿಂಡಿದ ಉಂಡೆಯನ್ನು ಹೆಬ್ಬೆಟ್ಟಿನಲ್ಲಿ ಒತ್ತಿದರೆ ಒಂದು ಸದ್ದು ಬರುತ್ತದೆ, ಕೀ ಎಂದು, ಇಲಿಮರಿ ನಿದ್ದೆಯಲ್ಲಿ ಕೂಗಿದಷ್ಟು. “ಅದು ಅಳಬೇಕು,” ಎನ್ನುತ್ತಿದ್ದರು ದೊಡ್ಡ ಡಾಕ್ಟರು. “ಅಳೋ ತನಕ ಹಿಂಡು. ಅಳದೇ ಇದ್ರೆ ಇನ್ನೂ ಒದ್ದೆ ಇದೆ ಅಂತ. ಒದ್ದೆ ಬೆಳ್ಳಿ ಹಲ್ಲಲ್ಲಿ ನಿಲ್ಲಲ್ಲ.” ಇಷ್ಟೇ ಅವಳ ವಿದ್ಯೆ. ಅದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಊರಿನ ಅರ್ಧ ಬಾಯಿ ತುಂಬಿದ್ದು ಅವಳ ಕೈಯ ಬೆಳ್ಳಿ. ಒರಳಮ್ಮ ಎಂದು ಹೆಸರು ಬಂತು, ಅವಳ ಸ್ವಂತ ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯಿತು.

ಅರೆದ ಬೆಳ್ಳಿಯನ್ನು ನಾಳೆಗೆ ಇಡಲು ಬರುವುದಿಲ್ಲ. ಒಂದು ಮಾತು ಆಡಿ ಮುಗಿಸುವುದರೊಳಗೆ ಗಟ್ಟಿಯಾಗಲು ಶುರುವಾಗುತ್ತದೆ. ಅದಕ್ಕೇ ಅವಳ ಹಲ್ಲು ಹುಳುಕಾದಾಗ ದೊಡ್ಡ ಡಾಕ್ಟರು ಬೆಳಿಗ್ಗೆಯೇ ಕೊರೆದು, ತೂತಿಗೆ ಹತ್ತಿ ತುರುಕಿ ಬಿಡುತ್ತಿದ್ದರು. ಅವಳು ಹತ್ತಿ ಕಚ್ಚಿಕೊಂಡೇ ಬಂದವರಿಗೆ ಅರೆದು ಕೊಡುವುದು. ಅವರಿಗೆ ತುಂಬಿ ಮಿಕ್ಕಿದ್ದು, ಬಿಸಿಯಾರುವ ಮೊದಲು ಎಂಬ ಹಾಗೆ, ಅವಳಿಗೆ. ಹೀಗಾಗಿ ಅವಳ ಬಾಯಲ್ಲಿರುವ ನಾಲ್ಕಕ್ಕೂ ಒಬ್ಬೊಬ್ಬರು ಒಡಹುಟ್ಟಿದವರಿದ್ದರು. ಬಲಕ್ಕೆ ಹಿಂದಿನದು ಲೆಕ್ಕದ ಮೇಷ್ಟ್ರ ಪಾಲಿನದು. ಅದನ್ನು ಹಾಕಿಸಿಕೊಂಡ ಮೇಲೆ ಚಿಲ್ಲರೆ ಎಣಿಸುವಾಗ ತಪ್ಪುವುದಿಲ್ಲ ಎಂದು ಗಂಡ ಹಾಸ್ಯ ಮಾಡುತ್ತಿದ್ದ. ಅದರ ಪಕ್ಕದ್ದು ಹೆರಿಗೆ ಆಸ್ಪತ್ರೆಯ ನರ್ಸಮ್ಮನದು. ಮೇಲಿನದು ಡಿಪೋದ ಡ್ರೈವರನದು. ಅವನ ಬಸ್ಸು ಬೀದಿಯಲ್ಲಿ ಹಾರ್ನ್ ಹೊಡೆದರೆ ಅವಳಿಗೆ ನಮ್ಮವರು ಹೋದರು ಅನ್ನಿಸುತ್ತಿತ್ತು. ಮೂವರೂ ಈಗ ಇಲ್ಲ. ನರ್ಸಮ್ಮ ಹೋದ ಸುದ್ದಿ ಬಂದಾಗ ಆ ಹಲ್ಲು ಎರಡು ದಿನ ನೊಂದಿತ್ತು, ಅಥವಾ ನೋಯಲಿ ಎಂದು ಇವಳೇ ಆ ಕಡೆ ಜೋರಾಗಿ ಅಗಿದಳೋ ಏನೋ.

ನಾಲ್ಕನೆಯದು ಗಡಿಯಾರದವರದು. ಅವರು ಇನ್ನೂ ಇದ್ದಾರೆ.

ಆಗ ಅವಳಿಗೆ ಇಪ್ಪತ್ತಮೂರು. ಎಡಗೆನ್ನೆ ಊದಿಕೊಂಡು ಮೂರು ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆ ಕೊರೆದು ಹತ್ತಿ ಇಟ್ಟಿದ್ದರು. ಬೀದಿಯ ತುದಿಯಲ್ಲಿ ಹೊಸದಾಗಿ ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದ ಆಸಾಮಿ, ಸಣ್ಣ ಮೀಸೆ, ಬಂದು ಕುರ್ಚಿಯಲ್ಲಿ ಕೂತ. ಪುಡಿಯ ಸೀಸೆ ಬಗ್ಗಿಸಿ ತಟ್ಟಿದಳು. ತಳದಲ್ಲಿ ಇಷ್ಟೇ ಇಷ್ಟು. ಅಳುವ ತನಕ ಹಿಂಡಿದರೆ ಉಂಡೆ ಕುಗ್ಗುತ್ತದೆ, ಇಬ್ಬರಿಗೆ ಸಾಲುವುದಿಲ್ಲ. ಅವಳು ಹಿಂಡಿದಳು, ಅರ್ಧಕ್ಕೆ ನಿಲ್ಲಿಸಿದಳು. ಹೆಬ್ಬೆಟ್ಟಿನಲ್ಲಿ ಒತ್ತಿ ನೋಡಲಿಲ್ಲ. ಒತ್ತಿದರೆ ಸದ್ದು ಬರುವುದಿಲ್ಲ ಎಂದು ಗೊತ್ತಿತ್ತು. ಉಂಡೆ ಕೈಗೆ ತೆಗೆದುಕೊಂಡಾಗ ದೊಡ್ಡ ಡಾಕ್ಟರ ಬೆರಳು ಒಂದು ಕ್ಷಣ ತಡೆಯಿತು. ಅವಳ ಊದಿದ ಕೆನ್ನೆ ನೋಡಿದರು. ಮೊದಲು ಅವನಿಗೆ ತುಂಬಿದರು, ಆಮೇಲೆ ಅವಳಿಗೆ. ಐದನೆಯ ದಿನ ಅವನು ಬಂದ, ತುಂಬಿದ್ದು ಮುರಿದಿದೆಯೆಂದು ಮೆಟ್ಟಿಲಿನಿಂದಲೇ ಕೂಗುತ್ತ ಬಂದ. ಒಳಗೆ ಎಂಟು ಜನ ಕೂತಿದ್ದರು. “ಹಲ್ಲು ತುಂಬೋಕೆ ಬರಲ್ಲ ಅಂದ್ರೆ ಗೋಡೆ ತೂತು ತುಂಬೋ ಕೆಲಸಕ್ಕೆ ಹೋಗಿ ಸ್ವಾಮಿ!” ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ತಪ್ಪಾಯ್ತು, ಕೂತ್ಕೊಳ್ಳಿ,” ಎಂದರು. ಮತ್ತೆ ತುಂಬಿದರು. ಅಂದು ಅವಳು ಹಿಂಡಿದ ಬೆಳ್ಳಿ ಕೈಯೊಳಗೆ ಕೀ ಕೀ ಎಂದು ಅತ್ತೇ ಅತ್ತಿತು. ಸಂಜೆ ಕೈ ತೊಳೆಯುತ್ತ ಅವರು ಹೇಳಿದ್ದು ಒಂದೇ: “ಇನ್ನು ಮೇಲೆ ಪುಡಿ ಮುಗಿಯೋಕೆ ಮುಂಚೆ ನೆನಪು ಮಾಡಮ್ಮ.” ಬೈದಿದ್ದರೆ ನಲವತ್ತೆಂಟು ವರ್ಷದಲ್ಲಿ ಆ ಬೈಗುಳ ಸವೆದುಹೋಗುತ್ತಿತ್ತು. ಬೈಯದೆ ಬಿಟ್ಟದ್ದು ಹಾಗೇ ಇತ್ತು, ಹಲ್ಲಿನ ಒಳಗೆ.

ಮೆಟ್ಟಿಲ ಬುಡದಲ್ಲಿ ನಿಂತಳು. ಹೋದ ವಾರ ಚಿಕ್ಕ ಡಾಕ್ಟರು, ತೀರಿಹೋದ ದೊಡ್ಡ ಡಾಕ್ಟರ ಮೊಮ್ಮಗಳು, ನೋಡಿ ಹೇಳಿದ್ದಳು. ಎಡಗಡೆಯದು ಬಿರುಕು ಬಿಟ್ಟಿದೆ, ಅದನ್ನು ತೆಗೆಯಲೇಬೇಕು. ಉಳಿದ ಮೂರು ಗಟ್ಟಿಯಾಗಿವೆ, ಮುಟ್ಟದಿದ್ದರೂ ನಡೆಯುತ್ತದೆ, ಚೆನ್ನಾಗಿ ಕಾಣಲಿ ಅಂತಿದ್ದರೆ ತೆಗೆದು ಬಿಳಿಯದು ಹಾಕುತ್ತೇನೆ, ಯೋಚನೆ ಮಾಡಿ ಬನ್ನಿ. ಯೋಚನೆ! ಮಾಡಿದ್ದೇ ಮಾಡಿದ್ದು. ಮೂರನ್ನು ತೆಗೆಸಿದರೆ ಮೇಷ್ಟ್ರು, ನರ್ಸಮ್ಮ, ಡ್ರೈವರು ಎಲ್ಲರನ್ನೂ ಉಗಿದು ಬಂದ ಹಾಗೆ. ತೆಗೆಸದಿದ್ದರೆ ಸಾಯುವ ತನಕ ಬಾಯಿಗೆ ಕೈ. ಇದನ್ನೆಲ್ಲ ಮೀರಿ ಇನ್ನೊಂದು ಹೆದರಿಕೆ, ಯಾರಿಗೆ ಹೇಳಿದರೂ ನಗುವಂಥದ್ದು: ಎಡಗಡೆಯದನ್ನು ತೆರೆದ ಕೂಡಲೇ ಆ ಹುಡುಗಿಗೆ ಗೊತ್ತಾಗುತ್ತದೆ. ಒದ್ದೆ ಬೆಳ್ಳಿ, ಹಿಂಡದೆ ಹಾಕಿದ್ದು, ಎಂದು ನೋಡಿದ ಕೂಡಲೇ ಹೇಳಿಬಿಡುತ್ತಾಳೆ. ನಮ್ಮ ತಾತನ ಕೈ ಇಷ್ಟು ಕೆಟ್ಟದ್ದಾಗಿತ್ತೇ ಎಂದುಕೊಳ್ಳುತ್ತಾಳೆ. ಹಿಂದಕ್ಕೆ ಹೋಗಿಬಿಡಲೇ ಎಂದು ತಿರುಗಿದಳು. ಹಿಂದಿನಿಂದ ಕೋಲು ಊರಿಕೊಂಡು ಬರುತ್ತಿದ್ದವರು ಗಡಿಯಾರದವರು. ಅವರಿಗೆ ಎದುರಾಗುವುದಕ್ಕಿಂತ ಮೆಟ್ಟಿಲು ಹತ್ತುವುದೇ ಸುಲಭವೆನಿಸಿ ಹತ್ತಿದಳು. ಅವರೂ ಹಿಂದೆಯೇ ಹತ್ತಿದರು. ಮೇಲೆ ಕಾಯುವ ಕೋಣೆಯಲ್ಲಿ ಖಾಲಿ ಇದ್ದದ್ದು ಒಂದೇ ಬೆಂಚು.

ನಲವತ್ತೆಂಟು ವರ್ಷ ಒಂದೇ ಬೀದಿ. ಅವಳು ಅಂಗಡಿಯ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದಳು. ಅವರು ಅವಳನ್ನು ಕಂಡ ಕೂಡಲೇ ಒಳಗೆ ಬಗ್ಗಿ ಏನೋ ಹುಡುಕುತ್ತಿದ್ದರು. ಮನೆಯ ಗಡಿಯಾರ ಕೆಟ್ಟರೆ ಗಂಡನನ್ನೇ ಕಳಿಸುತ್ತಿದ್ದಳು. ಈಗ ನಡುವೆ ಒಂದು ಮೊಳ ಜಾಗ, ಅದರ ಮೇಲೆ ಅವರ ಟೋಪಿ.

“ಒರಳಮ್ಮ ಅಲ್ವಾ?” ಎಂದರು, ಗೊತ್ತಿಲ್ಲದವರ ಹಾಗೆ.

“ಹೂಂ.”

“ನನ್ನ ಕೆಳಗಿನ ಸೆಟ್ಟು ಉಜ್ಜುತ್ತೆ. ಅದಕ್ಕೇ ಬಂದೆ.”

ಸೆಟ್ಟು! ಅಂದರೆ ಹಲ್ಲೇ ಇಲ್ಲ. ಅವಳು ತಿರುಗಿ ನೋಡಿದಳು. “ಹಾಗಾದ್ರೆ ಆವತ್ತು ತುಂಬಿಸ್ಕೊಂಡ ಹಲ್ಲು?”

“ಯಾವತ್ತು?”

“ಎರಡು ಸಲ ತುಂಬಿಸ್ಕೊಂಡ್ರಲ್ಲ, ಅದು.”

ಅವರು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. “ಅದಾ. ಮಗ ಹೇಳ್ದ ಅಂತ ತೆಗೆಸಿ ಬಿಳೀದು ಹಾಕಿಸ್ಕೊಂಡೆ. ಆಮೇಲೆ ವಸಡು ಸಡಿಲವಾಗಿ ಹಲ್ಲೇ ಬಂದ್ಬಿಡ್ತು. ಯಾಕೆ?”

ಅವಳಿಗೆ ಒಂದು ಕ್ಷಣ ಸಿಟ್ಟೇ ಬಂತು. ಇಷ್ಟು ವರ್ಷ ತಾನು ಹೊತ್ತು ತಿರುಗಿದ್ದರ ಇನ್ನೊಂದು ಅರ್ಧವನ್ನು ಈ ಮನುಷ್ಯ ಹಳೇ ಗುಂಡಿಯ ಹಾಗೆ ಎಲ್ಲೋ ಉದುರಿಸಿಕೊಂಡು ಬಂದಿದ್ದಾನೆ. ಆ ಸಿಟ್ಟಿನಲ್ಲೇ ಮಾತು ಹೊರಗೆ ಬಂತು, ತಡೆಯುವುದರೊಳಗೆ. ಪುಡಿ ಕಡಿಮೆಯಿದ್ದದ್ದು, ಕೆನ್ನೆ ಊದಿದ್ದು, ಅರ್ಧಕ್ಕೆ ಹಿಂಡಿದ್ದು, ಎಲ್ಲ. “ಡಾಕ್ಟರದ್ದೇನೂ ತಪ್ಪಿರ್ಲಿಲ್ಲ. ನನ್ನಿಂದ ಅವರನ್ನ ಬೈದ್ರಿ ನೀವು,” ಎಂದು ಮುಗಿಸಿ, ಸೆರಗಿನ ತುದಿ ಸುತ್ತುತ್ತ ಕೂತಳು.

ಎದುರಿನ ಬೆಂಚಿನಲ್ಲಿ ದವಡೆಗೆ ಕರವಸ್ತ್ರ ಕಟ್ಟಿಕೊಂಡಿದ್ದ ಹೆಂಗಸು ನೋವು ಮರೆತು ಇವರನ್ನೇ ನೋಡುತ್ತಿದ್ದಳು.

“ನಿಮಗೆ ಗೊತ್ತಿದೆ ಅನ್ಕೊಂಡಿದ್ದೆ,” ಎಂದರು ಗಡಿಯಾರದವರು.

“ಏನು ಗೊತ್ತಿದೆ?”

“ಡಾಕ್ಟರು ಒಂದು ದಿನ ಆ ಕಡೆ ಏನೂ ಕಚ್ಬೇಡಿ ಅಂದಿದ್ರು. ಆವತ್ತೇ ಸಂಜೆ ಒಂದು ಕೈಗಡಿಯಾರದ ಹಿಂದಿನ ಮುಚ್ಚಳ ಬಿಚ್ಚಬೇಕಿತ್ತು. ಮುಚ್ಚಳ ಎತ್ತೋ ಚೂರಿ ಮೇಜಿನ ಆ ತುದೀಲಿ ಇತ್ತು. ಎದ್ದು ತಗೊಳ್ಳೋಕೆ ಸೋಮಾರಿತನ. ಹಲ್ಲಲ್ಲಿ ಕಚ್ಚಿ ಎತ್ತಿದೆ. ಕಟಕ್ ಅಂತು. ಗಡಿಯಾರದ್ದು ಅನ್ಕೊಂಡೆ.”

“ಅಯ್ಯೋ! ಮತ್ತೆ ಬಂದು ಹಾಗೆ ಕೂಗಾಡಿದ್ರಲ್ಲ!”

“ಕೂಗದೆ ಇನ್ನೇನು ಮಾಡ್ಲಿ? ಹೊಸ ಅಂಗಡಿ. ಗಡಿಯಾರದವನು ಬಾಯಿ ಹಾಕಿ ಗಡಿಯಾರ ಬಿಚ್ತಾನೆ ಅಂತ ಗೊತ್ತಾದ್ರೆ ಯಾರು ತಂದು ಕೊಡ್ತಾರೆ? ನೀವು ನನ್ನ ಕಂಡಾಗಲೆಲ್ಲ ತಲೆ ತಗ್ಗಿಸ್ಕೊಂಡು ಹೋಗ್ತಿದ್ರಿ. ಇವಳಿಗೆ ಗೊತ್ತಾಗಿದೆ, ನಗು ಮುಚ್ಚಿಡ್ತಿದ್ದಾಳೆ ಅಂತ ನಾನು ಮೇಜಿನ ಕೆಳಗೆ ಬಗ್ತಿದ್ದೆ. ಆ ಬಗ್ಗೋದ್ರಲ್ಲೇ ಸೊಂಟ ಹೋಯ್ತು ನೋಡಿ.”

ಮೊದಲು ಅವಳ ಹೊಟ್ಟೆ ಕುಲುಕಿತು. ಕೈ ಎದ್ದಿತು, ಅಭ್ಯಾಸ. ಆದರೆ ಮೇಜಿನ ಕೆಳಗೆ ಬಗ್ಗಿದ ಮೀಸೆ ಕಣ್ಣಿಗೆ ಬಂದು, ಕೈ ಬಾಯಿಯ ಬದಲು ಬೆಂಚನ್ನು ಹಿಡಿಯಿತು, ಹಿಡಿಯದಿದ್ದರೆ ಬೀಳುತ್ತಿದ್ದಳು. ಮೂರು ತಿಂಗಳ ನಗು, ನಲವತ್ತೆಂಟು ವರ್ಷದ್ದೂ ಸೇರಿ, ಕೋಣೆಯ ಗಾಜಿನ ಬಾಗಿಲು ಝಲ್ಲೆನ್ನುವಂತೆ ಬಂತು. ಗಡಿಯಾರದವರು ನಕ್ಕರು, ಸೆಟ್ಟು ಜಾರಿತು, ಅದನ್ನು ಹೆಬ್ಬೆಟ್ಟಿನಿಂದ ಒಳಗೆ ತಳ್ಳಿಕೊಂಡು ಮತ್ತೆ ನಕ್ಕರು. “ಅಯ್ಯಮ್ಮಾ, ನಗಿಸ್ಬೇಡಿ, ನೋಯತ್ತೆ,” ಎಂದು ಕರವಸ್ತ್ರದ ಹೆಂಗಸು ದವಡೆ ಹಿಡಿದು ತಾನೂ ನಗುತ್ತ ಅಳುತ್ತಿದ್ದಳು.

ನಗು ಇಳಿದ ಮೇಲೆ ಇಬ್ಬರೂ ತಲೆ ಎತ್ತಿ ಎದುರಿಗೆ ನೋಡಿದರು. ಗೋಡೆಯ ಮೇಲೆ ದೊಡ್ಡ ಡಾಕ್ಟರ ಚಿತ್ರವೇನೂ ಇರಲಿಲ್ಲ. ಅವರಿಗೆ ಅಂಥದ್ದು ಇಷ್ಟವಿರಲಿಲ್ಲ.

“ಯಾರಿಂದ ಮುರೀತು ಹಾಗಾದ್ರೆ?” ಎಂದಳು.

“ಆ ದೇವರಿಗೇ ಗೊತ್ತು. ಬೈಸ್ಕೊಂಡಿದ್ದು ಮಾತ್ರ ಅವರು.” ಗಡಿಯಾರದವರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡರು. “ಒಳ್ಳೇ ಮನುಷ್ಯ. ಒಂದು ಸಲ ಹೇಳ್ಬೇಕಿತ್ತು.”

“ಯಾರಿದು ನಗ್ತಿರೋದು?” ಚಿಕ್ಕ ಡಾಕ್ಟರು ಬಾಗಿಲು ತೆಗೆದು ನಿಂತಿದ್ದಳು. “ಇಲ್ಲಿಗೆ ಬಂದು ನಗೋರನ್ನ ನಾನಂತೂ ನೋಡಿಲ್ಲ. ಬನ್ನಿ ಅಜ್ಜಿ, ನೀವೇ ಮೊದಲು.”

ಕುರ್ಚಿಯಲ್ಲಿ ಒರಗುವ ಮುಂಚೆಯೇ ಅವಳು ಹೇಳಿಬಿಟ್ಟಳು. ಎರಡನೇ ಸಲ ಹೇಳುವುದು ಸುಲಭವಾಗಿತ್ತು. ಗಡಿಯಾರದ ಮುಚ್ಚಳದ ವಿಷಯ ಬಿಟ್ಟಳು. ಅದು ಅವರ ಸ್ವತ್ತು. ಚಿಕ್ಕ ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಿದ್ದವಳು ನಿಲ್ಲಿಸಿ ಕೇಳಿದಳು.

“ಪಾದರಸಾನ ಬರಿಗೈಲಿ ಹಿಂಡ್ತಿದ್ರಾ? ಅಯ್ಯೋ ಅಜ್ಜಿ!”

“ಅದು ಬಿಡು ತಾಯಿ. ನಿನ್ನ ತಾತ ಬೈಸ್ಕೊಂಡಿದ್ದು ಹೇಳಿದೆನಲ್ಲ.”

“ಮನೇಲಿ ಒಂದು ದಿನಾನೂ ಹೇಳಿಲ್ಲ. ಒರಳಮ್ಮನ ಕೈ ಅಂದ್ರೆ ಕೈ ಅಂತ ಮಾತ್ರ ಹೇಳ್ತಿದ್ರು.” ಎಡಗಡೆಯ ಹಲ್ಲನ್ನು ಸಣ್ಣ ಕನ್ನಡಿಯಲ್ಲಿ ನೋಡಿದಳು. “ನಿಮ್ಮ ಒದ್ದೆ ಬೆಳ್ಳಿ ನಲವತ್ತೆಂಟು ವರ್ಷ ನಿಂತಿದೆ. ನಾನು ಇವತ್ತು ಹಾಕೋ ಬಿಳೀದು ಹತ್ತು ವರ್ಷ ನಿಂತ್ರೆ ನಾನೇ ಬೆನ್ನು ತಟ್ಕೋತೀನಿ. ಸರಿ, ಉಳಿದ ಮೂರು? ಸೊಸೆ ಎರಡು ಸಲ ಫೋನು ಮಾಡಿದ್ರು, ನಾಲ್ಕೂ ತೆಗೀರಿ ಅಂತ.”

ಅವಳು ಮೇಲೆ ಉರಿಯುವ ದೀಪ ನೋಡಿದಳು. ಸತ್ತವರಿಗಾಗಿ ಹಲ್ಲು ಇಟ್ಟುಕೊಳ್ಳಬೇಕೆಂದು ಈಗ ಅನ್ನಿಸಲಿಲ್ಲ. ಅವರು ಬೆಳ್ಳಿಯನ್ನು ನಂಬಿ ಇರುವವರಲ್ಲ. “ನಗೋಕೆ ಬಿಳೀ ಹಲ್ಲು ಬೇಕು ಅನ್ಕೊಂಡಿದ್ದೆ,” ಎಂದಳು. “ಈಗ ತಾನೇ ಹೊರಗೆ ನಕ್ಕು ಬಂದೆ. ಗಟ್ಟಿ ಇರೋದನ್ನ ಯಾಕೆ ಕೀಳೋದು? ಇರ್ಲಿ. ಫೋಟೋದವನು ಬೇಕಾದ್ರೆ ಕಣ್ಣು ಮುಚ್ಕೊಳ್ಳಲಿ.”

ಸೂಜಿ ಚುಚ್ಚಿ, ತುಟಿ ದಪ್ಪವಾಗಿ, ಅರ್ಧ ಮುಖ ಯಾರದೋ ಆಯಿತು. ಹೀರುವ ಕೊಳವೆ ಗೊರಗೊರ ಎಂದಿತು. ಒದ್ದೆ ಬೆಳ್ಳಿ ಎರಡು ತುಂಡಾಗಿ ಹೊರಗೆ ಬಂದು ಬಟ್ಟಲಿಗೆ ಬಿತ್ತು. ನೋಡಲು ಬೇರೆ ಯಾವ ಬೆಳ್ಳಿಗಿಂತಲೂ ಭೇದವಿರಲಿಲ್ಲ. ಆಮೇಲೆ ನಡೆದದ್ದನ್ನು ಅವಳು ಕಣ್ಣರಳಿಸಿ ನೋಡಿದಳು. ಒರಳಿಲ್ಲ, ಅರೆಯುವುದಿಲ್ಲ, ಹಿಂಡುವುದಿಲ್ಲ. ಕೊಳವೆಯಿಂದ ಬೆಣ್ಣೆಯ ಹಾಗೆ ಬರುತ್ತದೆ, ನೀಲಿ ದೀಪ ಹಿಡಿದರೆ ಗಟ್ಟಿ! ಇಷ್ಟು ಸುಲಭವಾದ ಮೇಲೆ ತಪ್ಪು ಮಾಡುವುದಾದರೂ ಎಲ್ಲಿ ಎಂದುಕೊಳ್ಳುತ್ತಿದ್ದಾಗ, ಮರಗಟ್ಟದೆ ಉಳಿದಿದ್ದ ನಾಲಿಗೆಯ ಬದಿಗೆ ಏನೋ ತಣ್ಣಗೆ ಜಿನುಗಿದ್ದು ತಿಳಿಯಿತು. ಹಿಂದಿನ ಹತ್ತಿಯುಂಡೆ ನೆನೆದು ಜಾರುತ್ತಿತ್ತು. ಅವಳು ಬೆರಳೆತ್ತಿದಳು.

“ನೋಯ್ತಾ?”

ಇಲ್ಲವೆಂದು ತಲೆಯಾಡಿಸಿ, ಬೆರಳಿನಿಂದ ಹಿಂದಕ್ಕೆ ತೋರಿಸಿದಳು. ಚಿಕ್ಕ ಡಾಕ್ಟರು ಬಗ್ಗಿ ನೋಡಿದಳು. ನೀಲಿ ದೀಪ ಕೆಳಗಿಟ್ಟಳು. ಹಾಕಿದ್ದನ್ನು ತೆಗೆದು, ಹೊಸ ಹತ್ತಿ ಇಟ್ಟು, ಗಾಳಿ ಊದಿ ಒಣಗಿಸಿ, ಇನ್ನೊಮ್ಮೆ ಒಣಗಿಸಿ, ಮೊದಲಿನಿಂದ ಶುರುಮಾಡಿದಳು. “ಒದ್ದೆ ಆಗಿತ್ತು,” ಎಂದಳು ತನಗೆ ತಾನೇ ಎಂಬಂತೆ. “ಹಾಗೇ ಹಾಕಿದ್ರೆ ಆರು ತಿಂಗಳಲ್ಲಿ ಉದುರ್ತಿತ್ತು. ನೀವಿಲ್ದೇ ಇದ್ರೆ ಬೈಸ್ಕೊಳ್ತಿದ್ದೆ, ಅಜ್ಜಿ.”

ಬಾಯಿ ತುಂಬ ಹತ್ತಿ. ಕಣ್ಣಿನಿಂದ ನೀರು ಬಂದು ಕಿವಿಯ ಕಡೆ ಇಳಿಯಿತು, ಅದನ್ನು ಒರೆಸಿಕೊಳ್ಳುವ ಮನಸ್ಸಾಗಲಿಲ್ಲ.

ಹೊರಗೆ ಬಂದಾಗ ಕಾಯುವ ಕೋಣೆ ತುಂಬಿತ್ತು. ಗಡಿಯಾರದವರು ಕೋಲೂರಿ ಎದ್ದು ನಿಂತರು. “ಏನಾಯ್ತು? ನಾಲ್ಕೂ ಹೋಯ್ತಾ?”

“ಒಂನೇ,” ಎಂದಳು, ಊದಿದ ತುಟಿಯ ಸಂದಿಯಿಂದ.

“ತೋರಿಸಿ.”

“ಇಲ್ಲೇನಾ? ಇಟ್ಟು ಜನದ ಮುಂದೆನಾ?”

“ಮತ್ತೆ ಇನ್ನೆಲ್ಲಿ? ನಾನು ಬೇರೆಯವರ ಕೆಲಸ ಕಣ್ಣಿಗೆ ಗಾಜು ಹಾಕ್ದೆ ನಂಬೋನಲ್ಲ.” ಜೇಬಿನಿಂದ ಗಡಿಯಾರ ನೋಡುವ ಕರಿಯ ಭೂತಗಾಜು ತೆಗೆದು, ಉಫ್ ಎಂದು ಊದಿ, ಬಲಗಣ್ಣಿಗೆ ಕಚ್ಚಿಸಿಕೊಂಡು ಹತ್ತಿರ ಬಂದರು. ಕರವಸ್ತ್ರದ ಹೆಂಗಸು ಕುತ್ತಿಗೆ ಚಾಚಿದಳು. ಬಾಗಿಲಲ್ಲಿ ಚಿಕ್ಕ ಡಾಕ್ಟರು ಕೈಕಟ್ಟಿ ನಿಂತಳು, ಪರೀಕ್ಷೆಯ ಫಲಿತಾಂಶಕ್ಕೆ ನಿಂತವಳ ಹಾಗೆ. ಅವಳು ಬಾಯಿ ತೆಗೆದಳು. ಅರ್ಧ ತುಟಿ ಮಾತು ಕೇಳಲಿಲ್ಲ, ನಗು ಒಂದೇ ಕಡೆಗೆ ಎಳೆಯಿತು, ಜೊಲ್ಲು ಇಳಿಯಿತು.

“ಹೂಂ, ಬಿಳೀದು ಕೂತಿದೆ ಸರಿಯಾಗಿ,” ಎಂದರು ಗಡಿಯಾರದವರು, ಒಳಗೆ ಇಣುಕುತ್ತ. “ಆ ಕಡೆ ಕರೀವು ಮೂರೂ ಭರ್ಜರಿಯಾಗಿವೆ ಕಣ್ರೀ. ಏನು ಕೆಲಸ! ಎಲ್ಲಿ, ಇನ್ನೂ ಸ್ವಲ್ಪ ಅಗಲ ತೆಗೀರಿ, ಎಲ್ಲರೂ ನೋಡ್ಲಿ.”

ಅವಳು ಇನ್ನೂ ಅಗಲ ತೆಗೆದಳು.